ಹರಿಹರೇಶ್ವರ: ಎಂಟು ನೂರು ವರ್ಷದ ಗುಡಿ, ನೂರು ಮೀಟರಿನ ಕಾನೂನು

ಹರಿಹರದ ಹರಿಹರೇಶ್ವರ ದೇವಾಲಯ ಕ್ರಿ.ಶ. 1223-24ರಲ್ಲಿ ಕಟ್ಟಿದ ಹೊಯ್ಸಳ ಗುಡಿ. ಹೊಯ್ಸಳ ದೊರೆ ಇಮ್ಮಡಿ ವೀರ ನರಸಿಂಹನಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವ ಇದನ್ನು ಕಟ್ಟಿಸಿದ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ಪಶ್ಚಿಮಕ್ಕೆ, ತುಂಗಭದ್ರೆಯ ಬಲದಂಡೆಯಲ್ಲಿ, ಊರಿನ ಹಳೆಯ ಕೋಟೆ ಭಾಗದಲ್ಲಿ ಗುಡಿ ಇದೆ. ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕವೆಂದು ಘೋಷಿತವಾಗಿರುವುದರಿಂದ ಅದರ ಕಲ್ಲು, ಕಂಬ, ಅಂಗಳಗಳ ಉಸ್ತುವಾರಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಒಳಗೆ ನಿತ್ಯಪೂಜೆ ನಿಂತಿಲ್ಲ, ವರ್ಷಕ್ಕೊಮ್ಮೆ ತೇರು ಎಳೆಯುವುದೂ ನಿಂತಿಲ್ಲ. ಸುತ್ತ ಮನೆ, ಅಂಗಡಿ, ಸಂತೆ, ವಾಹನಗಳ ಊರು. ಪೂಜೆ ನಡೆಯುವ ಗುಡಿ, ಸರ್ಕಾರಿ ಸ್ಮಾರಕ, ಜನವಸತಿ ಮೂರೂ ಒಂದೇ ಜಾಗದಲ್ಲಿ ಸೇರಿರುವುದರಿಂದ ಈ ಕಟ್ಟಡದ ಚರಿತ್ರೆಯನ್ನೂ ಅದನ್ನು ಕಾಯುವ ಕಾನೂನನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಸಂಗಮದ ಊರು

ಹರಿಹರಕ್ಕೆ ಕೂಡಲೂರು ಎಂಬ ಹಳೆಯ ಹೆಸರಿದೆ. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯ ಕಡೆಯಿಂದ ಹರಿದು ಬರುವ ಹರಿದ್ರಾ ಹಳ್ಳ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಎರಡು ನೀರು ಸೇರುವ ಜಾಗ ತೀರ್ಥವಾಗುವುದು ಕರ್ನಾಟಕದ ಉದ್ದಗಲಕ್ಕೂ ಕಾಣುವ ಸಂಗತಿ. ಹೊಳೆ ದಾಟುವ ಕಡವು ಇದ್ದ ಕಡೆ ಹಾದಿ, ಸುಂಕ, ಸಂತೆಗಳೂ ಬೆಳೆಯುತ್ತವೆ. ಹರಿಹರಕ್ಕೆ ಈ ಎರಡೂ ಒದಗಿ ಬಂದವು.

ಸ್ಥಳಪುರಾಣದಲ್ಲಿ ಈ ಸೀಮೆಯ ಹೆಸರು ಗುಹಾರಣ್ಯ. ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿ ಇದರ ಎಲ್ಲೆಗಳು. ಇಲ್ಲಿದ್ದ ಗುಹಾಸುರ ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದನಂತೆ. ಅವನ ಹಾವಳಿ ತಡೆಯಲಾಗದೆ ಹರಿ ಹರರಿಬ್ಬರೂ ಒಂದೇ ಶರೀರವಾಗಿ ಬಂದು ಅವನನ್ನು ಕೊಂದರೆಂದು ಕಥೆ. ಐರಣಿ, ಉಚ್ಚಂಗಿದುರ್ಗಗಳು ಇಂದಿಗೂ ಜನ ಹೋಗಿಬರುವ ಊರುಗಳೇ ಆದ್ದರಿಂದ ಪುರಾಣದ ನಕ್ಷೆ ನೆಲದ ನಕ್ಷೆಯೊಂದಿಗೆ ಬಹುಮಟ್ಟಿಗೆ ಹೊಂದುತ್ತದೆ.

ಗರ್ಭಗುಡಿಯ ಮೂರ್ತಿ ನಿಂತ ಭಂಗಿಯದು. ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಎದುರು ನಿಂತವರಿಗೆ ಶಿವ ಎಡಕ್ಕೂ ವಿಷ್ಣು ಬಲಕ್ಕೂ ಕಾಣುತ್ತಾರೆ. ಈ ಕಲ್ಪನೆ ಹೊಯ್ಸಳರಿಗಿಂತ ಬಹಳ ಹಳೆಯದು. ಬಾದಾಮಿಯ ಒಂದನೇ ಮತ್ತು ಮೂರನೇ ಗುಹೆಗಳಲ್ಲಿ ಆರನೇ ಶತಮಾನದ ದೊಡ್ಡ ಹರಿಹರ ಶಿಲ್ಪಗಳಿವೆ. ಆದರೆ ಬಾದಾಮಿಯಲ್ಲಿ ಹರಿಹರ ಗೋಡೆಯ ಮೇಲಿನ ಹಲವು ಮೂರ್ತಿಗಳಲ್ಲೊಂದು. ಇಲ್ಲಿ ಅವನೇ ಮೂಲದೇವರು. ಶೈವ ವೈಷ್ಣವ ಪಂಥಗಳೆರಡೂ ಬಲವಾಗಿದ್ದ ಹದಿಮೂರನೇ ಶತಮಾನದಲ್ಲಿ ಇಬ್ಬರ ಭಕ್ತರೂ ಬರಬಹುದಾದ ದೊಡ್ಡ ಗುಡಿಯೊಂದನ್ನು ಅರಸನ ಮಂತ್ರಿಯೇ ಕಟ್ಟಿಸಿದ್ದು ಗಮನಿಸಬೇಕಾದ ವಿಷಯ.

ಗಡಿಯ ಗುಡಿ

ಗುಡಿ ಎದ್ದ ಕಾಲದಲ್ಲಿ ಹೊಯ್ಸಳರ ರಾಜ್ಯ ಉತ್ತರದಲ್ಲಿ ಒತ್ತಡಕ್ಕೆ ಸಿಕ್ಕಿತ್ತು. ಇಮ್ಮಡಿ ವೀರ ಬಲ್ಲಾಳ 1220ರಲ್ಲಿ ತೀರಿಕೊಂಡ. ದೇವಗಿರಿಯ ಸೇವುಣರು ದಕ್ಷಿಣಕ್ಕೆ ಒತ್ತಿ ಬಂದು ತುಂಗಭದ್ರೆಯ ಆಚೆಯ ಸೀಮೆಯಲ್ಲಿ ಹಿಡಿತ ಸಾಧಿಸಿದರು. ಮಗ ನರಸಿಂಹನ ಗಮನ ತಮಿಳುನಾಡಿನ ರಾಜಕೀಯದ ಕಡೆಗೆ ಹೊರಳಿತ್ತು. ಹೊಳೆಯೇ ಗಡಿಯಾಗುತ್ತಿದ್ದ ಆ ಹೊತ್ತಿನಲ್ಲಿ ಹೊಳೆಯ ದಡದಲ್ಲಿ ದೊಡ್ಡದೊಂದು ದೇವಾಲಯ ಕಟ್ಟಿ, ದತ್ತಿ ಬಿಟ್ಟು, ಶಾಸನ ನಿಲ್ಲಿಸುವುದು ಪುಣ್ಯದ ಕೆಲಸ ಮಾತ್ರವಾಗಿರಲಿಲ್ಲ. ಈ ನೆಲ ಯಾರದೆಂದು ಸಾರುವ ರೀತಿಯೂ ಆಗಿತ್ತು.

1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಈ ದೇವಾಲಯಕ್ಕೆ ಕೆಲವು ಭಾಗಗಳನ್ನು ಸೇರಿಸಿದ. ಮೈಸೂರು ಸೀಮೆಯ ಸೋಮನಾಥಪುರವನ್ನೂ ಅಲ್ಲಿನ ಹೆಸರಾಂತ ಕೇಶವ ದೇವಾಲಯವನ್ನೂ ಕಟ್ಟಿಸಿದವನು ಇದೇ ಸೋಮ. ಇದಾದ ಕೆಲವೇ ವರ್ಷಗಳಲ್ಲಿ, 1276ರಲ್ಲಿ, ಸೇವುಣ ರಾಮಚಂದ್ರನ ಸೇನಾಪತಿ ಸಾಳುವ ತಿಕ್ಕಮ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೇ ದಂಡೆತ್ತಿ ಹೋದ. ಅವನ ಶಾಸನವೂ ಹರಿಹರದಲ್ಲಿದೆ. ಕಟ್ಟಿಸಿದವರೂ ಅವರ ಮೇಲೆ ಏರಿ ಹೋದವರೂ ಒಂದೇ ಕ್ಷೇತ್ರದಲ್ಲಿ ಶಾಸನ ಬರೆಸಿದರು. ರಾಜ್ಯ ಕೈಬದಲಾದರೂ ದೇವರ ಆಸ್ತಿ ಕೈಬದಲಾಗದೆ ಉಳಿಯಲು ಈ ರೂಢಿಯೂ ಒಂದು ಕಾರಣ.

ಕಟ್ಟಡದ ರಚನೆ

ದೇವಾಲಯ ಪೂರ್ವಾಭಿಮುಖವಾಗಿದೆ. ಗರ್ಭಗುಡಿ, ಅದರ ಮುಂದೆ ಸುಕನಾಸಿ, ಮುಚ್ಚಿದ ನವರಂಗ, ಆಮೇಲೆ ಸುತ್ತಲೂ ತೆರೆದ ದೊಡ್ಡ ಸಭಾಮಂಟಪ. ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರಿಗೆ ಇಲ್ಲಿನ ಹೊರಗೋಡೆ ಸಪ್ಪೆ ಎನಿಸಬಹುದು. ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಪಟ್ಟಿಕೆಗಳು ಇಲ್ಲಿ ಸಾಲಾಗಿ ಸುತ್ತುವರಿಯುವುದಿಲ್ಲ. ಶಿಲ್ಪಿಗಳ ಶ್ರಮವೆಲ್ಲ ಮಂಟಪಕ್ಕೆ ಸಂದಿದೆ.

ಮಂಟಪದ ನೆಲನಕ್ಷೆ ಚೌಕವಾದರೂ ಅದರ ಅಂಚು ನೇರವಾಗಿ ಓಡುವುದಿಲ್ಲ. ಮೂಲೆಗಳು ಮೆಟ್ಟಿಲು ಮೆಟ್ಟಿಲಾಗಿ ಒಳಸರಿದು ಹೊರಚಾಚುತ್ತವೆ. ಹೀಗೆ ಮಾಡಿದಾಗ ಅಂಚಿನ ಉದ್ದ ಹೆಚ್ಚುತ್ತದೆ, ಬೆಳಕು ಹಲವು ದಿಕ್ಕಿನಿಂದ ಒಳಬರುತ್ತದೆ. ಅಂಚಿಗುಂಟ ಕುಳ್ಳಗೋಡೆ, ಅದರ ಒಳಮಗ್ಗುಲಲ್ಲಿ ಒರಗಿ ಕೂರಲು ಅನುಕೂಲವಾದ ಕಕ್ಷಾಸನ. ಕುಳ್ಳಗೋಡೆಯ ಮೇಲೆ ನಿಂತ ಅರ್ಧಗಂಬಗಳು ಚಾವಣಿಯ ಹೊರ ಅಂಚನ್ನು ಹೊತ್ತಿವೆ; ಒಳಭಾಗವನ್ನು ನೆಲದಿಂದೆದ್ದ ಪೂರ್ಣಗಂಬಗಳು ಹೊತ್ತಿವೆ. ಚಾವಣಿಯ ಅಂಕಣಗಳಲ್ಲಿ ಕಮಲಗಳನ್ನು ಕಡೆದಿದ್ದಾರೆ. ಮಂಟಪದ ಅಳತೆಯೇ ಹೇಳುವಂತೆ ಇದು ಊರು ಕೂಡುವ ಜಾಗ: ಉತ್ಸವ, ಪುರಾಣ ಪಠಣ, ದತ್ತಿಯ ಒಪ್ಪಂದ, ವ್ಯಾಜ್ಯದ ತೀರ್ಮಾನ ಇಂಥವು ನಡೆಯಲು ಇಂಥ ಮಂಟಪಗಳೇ ಬೇಕಿದ್ದವು.

ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗುತ್ತ ಗಟ್ಟಿಯಾಗುವುದು ಇದರ ಗುಣ. ಹೊಯ್ಸಳ ಶಿಲ್ಪಿಗಳು ಕಂಬಗಳನ್ನು ಚರಕಿಯಂಥ ಸಾಧನದಲ್ಲಿ ತಿರುಗಿಸಿ ಕಡೆಯುತ್ತಿದ್ದುದು ಈ ಗುಣದಿಂದಲೇ ಸಾಧ್ಯವಾಯಿತು. ಕಂಬದ ನಡುವಿನಲ್ಲಿ ಕಾಣುವ ತೆಳುವಾದ ಬಳೆಗಳು, ಗಂಟೆಯಾಕಾರದ ಉಬ್ಬು, ಅಂಚಿನ ಹೊಳಪು ಉಳಿಗಿಂತ ಹೆಚ್ಚಾಗಿ ಈ ತಿರುಗಣೆಯ ಕೆಲಸ.

ಗರ್ಭಗುಡಿಯ ಮೇಲಿನ ಮೂಲ ಶಿಖರ ಯಾವುದೋ ಕಾಲದಲ್ಲಿ ಬಿದ್ದುಹೋಗಿದೆ. ಈಗ ಇರುವುದು ಇಟ್ಟಿಗೆ ಗಾರೆಯದು. ಆವರಣದಲ್ಲಿ ಲಕ್ಷ್ಮಿಯ ಗುಡಿ, ಕಲ್ಲಿನ ದೀಪಸ್ತಂಭಗಳು, ಸಾಲು ಸಾಲಾಗಿ ನಿಂತ ಶಾಸನಗಳು ಇವೆ. ಅಂದರೆ ನೋಡುಗರ ಕಣ್ಣಿಗೆ ಒಂದೇ ಕಟ್ಟಡವಾಗಿ ಕಾಣುವುದು ಹಲವು ಕಾಲದ ಕೆಲಸಗಳ ಮೊತ್ತ. ಸಂರಕ್ಷಣೆಯ ಕಾನೂನು ಇವೆಲ್ಲವನ್ನೂ ಇದ್ದ ಹಾಗೆ ಕಾಯುತ್ತದೆ. ಇಟ್ಟಿಗೆಯ ಶಿಖರ ಕೆಡವಿ ಊಹೆಯ ಮೇಲೆ ಹೊಯ್ಸಳ ಶಿಖರ ಕಟ್ಟುವುದು ಸಂರಕ್ಷಣೆ ಎನಿಸಿಕೊಳ್ಳುವುದಿಲ್ಲ.

ಕಲ್ಲಿನ ಕಡತ

ಹರಿಹರದ ಶಾಸನಗಳು ಹೊಯ್ಸಳ, ಸೇವುಣ, ವಿಜಯನಗರ ಕಾಲಗಳಿಗೆ ಸೇರಿವೆ. ಇವುಗಳಲ್ಲಿ ಎರಡು ಶಾಸನಗಳು ಗುಡಿಗೂ ಊರಿನ ಬದುಕಿಗೂ ಇದ್ದ ನಂಟನ್ನು ಹತ್ತಿರದಿಂದ ತೋರಿಸುತ್ತವೆ. ಒಂದನೇ ದೇವರಾಯನ ಕಾಲದ, 1410ರ ಶಾಸನ ಹರಿದ್ರಾ ನದಿಗೆ ಕಟ್ಟೆ ಕಟ್ಟಿ ದೇವರ ಭೂಮಿಯ ಮೂಲಕ ಕಾಲುವೆ ತೆಗೆಯುವ ಒಪ್ಪಂದವನ್ನು ದಾಖಲಿಸುತ್ತದೆ. ಒಪ್ಪಂದ ಮಾಡಿಕೊಂಡವರು ಕ್ಷೇತ್ರದ ಬ್ರಾಹ್ಮಣರು ಮತ್ತು ಹರಿಹರ ದೇವರ ಭಂಡಾರ. ಖರ್ಚಿನಲ್ಲಿ ಎರಡು ಪಾಲು ದೇವರದು, ಒಂದು ಪಾಲು ಬ್ರಾಹ್ಮಣರದು. ಕಾಲುವೆಯ ನೀರುಂಡ ನೆಲದಲ್ಲೂ ಅದೇ ಲೆಕ್ಕ: ಎರಡು ಪಾಲು ದೇವರಿಗೆ, ಒಂದು ಪಾಲು ಹಣ ಹಾಕಿದವರಿಗೆ. ಬಂಡವಾಳಕ್ಕೆ ತಕ್ಕ ಲಾಭ ಎಂಬ ಪಾಲುದಾರಿಕೆಯನ್ನು ದೇವರ ಹೆಸರಿನಲ್ಲಿ ಬರೆದ ಪತ್ರ ಇದು.

ಕಟ್ಟೆ ಬಹಳ ದಿನ ಬಾಳಲಿಲ್ಲ. 1424ರ ಇನ್ನೊಂದು ಶಾಸನ, ಒಡೆದುಹೋದ ಕಟ್ಟೆಯನ್ನು ಸೇನಾಪತಿ ಚಾಮನೃಪ ಹಣ ಕೊಟ್ಟು ಮತ್ತೆ ಕಟ್ಟಿಸಿದ್ದನ್ನು ಹೇಳುತ್ತದೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ನಿಂತ ಈ ಎರಡು ಕಲ್ಲುಗಳಿಂದ ಹದಿನೈದನೇ ಶತಮಾನದ ನೀರಾವರಿ ಕಾಮಗಾರಿಯೊಂದರ ಯೋಜನೆ, ಹಣಕಾಸು, ವೈಫಲ್ಯ, ದುರಸ್ತಿ ಎಲ್ಲವೂ ತಿಳಿಯುತ್ತವೆ. ದೇವಾಲಯ ಆ ಕಾಲದ ಊರಿಗೆ ಬ್ಯಾಂಕೂ ಜಮೀನುದಾರನೂ ದಫ್ತರಖಾನೆಯೂ ಆಗಿತ್ತು.

ಈ ಶಾಸನಗಳಿಗೆ ಆಧುನಿಕ ಕಾಲದಲ್ಲಿ ಬೇಗನೆ ಗಮನ ಸಿಕ್ಕಿತು. ಮೇಜರ್ ಡಿಕ್ಸನ್ 1865ರ ಸುಮಾರಿಗೆ ಮೈಸೂರು ಸಂಸ್ಥಾನದ ಶಾಸನಗಳ ಛಾಯಾಚಿತ್ರ ತೆಗೆದಾಗ ಹರಿಹರದ ಕಲ್ಲುಗಳೂ ಅದರಲ್ಲಿ ಸೇರಿದವು. ಆ ಚಿತ್ರಗಳ ಆಧಾರದಿಂದ ಬಿ.ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದರು. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೇ ಸಂಪುಟದಲ್ಲಿ ಇವೆಲ್ಲ ಪಾಠಸಹಿತ ಬಂದವು. ಆಗ ಹರಿಹರ ದಾವಣಗೆರೆ ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಈ ಶಾಸನಗಳನ್ನು ಹುಡುಕುವವರು ಆ ಸಂಪುಟದಲ್ಲಿ ದಾವಣಗೆರೆಯ ಸಂಖ್ಯೆಗಳಡಿಯಲ್ಲೇ ನೋಡಬೇಕು.

ಕೋಟೆ, ಸೇತುವೆ, ಪೇಟೆ

ವಿಜಯನಗರದ ಪತನದ ನಂತರ ತರೀಕೆರೆಯ ನಾಯಕರು ಹರಿಹರವನ್ನು ಹಿಡಿದು ಕೋಟೆ ಕಟ್ಟಿದರು. ಆಮೇಲೆ ಸವಣೂರಿನ ನವಾಬರು, ಬಿದನೂರಿನ ನಾಯಕರು, ಮರಾಠರು ಒಬ್ಬರಾದ ಮೇಲೊಬ್ಬರು ಬಂದರು. 1763ರಲ್ಲಿ ಊರು ಹೈದರಾಲಿಯ ವಶವಾಯಿತು. ಬ್ರಿಟಿಷರ ಕಾಲದಲ್ಲಿ ಊರ ಹೊರಗೆ ದಂಡು ಬೀಡುಬಿಟ್ಟಿತ್ತು. 1865ರಲ್ಲಿ ಅದನ್ನು ತೆಗೆದರು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಯ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಅರವತ್ತು ಅಡಿ ಅಗಲದ 14 ಕಮಾನುಗಳ ಆ ಸೇತುವೆಗೆ ಆಗ ತಗುಲಿದ ವೆಚ್ಚ ಸುಮಾರು ಮೂರು ಲಕ್ಷ ರೂಪಾಯಿ.

ಇದೇ ಹೊತ್ತಿಗೆ ವ್ಯಾಪಾರದ ಕೇಂದ್ರ ದಾವಣಗೆರೆಗೆ ಸರಿದಿತ್ತು. ಮೊದಲು ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿ ಅಪ್ಪೋಜಿ ರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಕಂಬಳಿ, ಧಾನ್ಯ, ಆಮೇಲೆ ಹತ್ತಿ. ಇಪ್ಪತ್ತನೇ ಶತಮಾನದಲ್ಲಿ ಗಿರಣಿಗಳು ಬಂದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹರಿಹರ ಅದರ ತಾಲ್ಲೂಕಾಯಿತು. ಹೀಗೆ ಜೋಡಿ ಊರುಗಳಲ್ಲಿ ಒಂದಕ್ಕೆ ಗುಡಿ ಮತ್ತು ಹೊಳೆ, ಇನ್ನೊಂದಕ್ಕೆ ಮಾರುಕಟ್ಟೆ ಮತ್ತು ಗಿರಣಿ ಹಂಚಿಕೆಯಾದವು.

ಸಂರಕ್ಷಣೆ ಎಂದರೆ ಏನು

ಭಾರತದಲ್ಲಿ ಸ್ಮಾರಕ ರಕ್ಷಣೆಗೆ ಮೊದಲ ವ್ಯಾಪಕ ಕಾನೂನು ಬಂದದ್ದು ಲಾರ್ಡ್ ಕರ್ಜನ್ ಕಾಲದಲ್ಲಿ, 1904ರಲ್ಲಿ. ಈಗ ಜಾರಿಯಲ್ಲಿರುವುದು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳ ಕಾಯ್ದೆ. ಕನಿಷ್ಠ ನೂರು ವರ್ಷ ಹಳೆಯದಾದ, ರಾಷ್ಟ್ರೀಯ ಪ್ರಾಮುಖ್ಯವುಳ್ಳ ಕಟ್ಟಡಗಳು ಇದರ ಅಡಿ ಬರುತ್ತವೆ. ದಾವಣಗೆರೆ ಜಿಲ್ಲೆಯಲ್ಲಿ ಹರಿಹರೇಶ್ವರನಲ್ಲದೆ ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಅದರ ಪಕ್ಕದ ಮುಸಾಫಿರ್‌ಖಾನೆಯೂ ಈ ಪಟ್ಟಿಯಲ್ಲಿವೆ. ಕೇಂದ್ರದ ಪಟ್ಟಿಗೆ ಸೇರದ ಸ್ಮಾರಕಗಳಿಗೆ ಕರ್ನಾಟಕ 1961ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ.

ಸಂರಕ್ಷಿತ ಕಟ್ಟಡವನ್ನು ಹಾಳು ಮಾಡಿದರೆ, ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಬದ ಮೇಲೆ ಹೆಸರು ಕೆತ್ತುವುದೂ ಇದರಲ್ಲಿ ಸೇರುತ್ತದೆ. ಪೂಜೆ ನಡೆಯುವ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಬೇರೆ ಕೆಲಸಕ್ಕೆ ಬಳಸಬಾರದೆಂದೂ ಕಾಯ್ದೆ ಹೇಳುತ್ತದೆ. ಅಂದರೆ ಹರಿಹರೇಶ್ವರನ ಪೂಜೆಗೆ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಪೂಜೆಯ ಹೆಸರಿನಲ್ಲಿ ಕಟ್ಟಡಕ್ಕೆ ಕೈಹಾಕುವುದಕ್ಕೆ: ಕಂಬಕ್ಕೆ ಎಣ್ಣೆಬಣ್ಣ ಬಳಿಯುವುದು, ಹಳೆಯ ನೆಲಹಾಸಿನ ಮೇಲೆ ಗ್ರಾನೈಟ್ ಹಾಕುವುದು, ಗೋಡೆಗೆ ಕಬ್ಬಿಣದ ಕೊಕ್ಕೆ ಹೊಡೆಯುವುದು, ಸಿಮೆಂಟ್ ಮೆತ್ತುವುದು.

ಇಂಥ ನಿರ್ಬಂಧಕ್ಕೆ ಕಲ್ಲಿನ ಗುಣವೇ ಕಾರಣ. ಬಳಪದ ಕಲ್ಲು ಮೆದು. ಮರಳು ಊದುವ ಯಂತ್ರದಿಂದ ತೊಳೆದರೆ ಕೊಳೆಯ ಜೊತೆಗೆ ಕೆತ್ತನೆಯ ಅಂಚೂ ಹೋಗುತ್ತದೆ. ಗಾರೆ ಉಸಿರಾಡುವ ವಸ್ತು, ಗೋಡೆಯ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ತೇವ ಒಳಗೇ ನಿಂತು, ಉಪ್ಪು ಮೇಲೆದ್ದು, ಸಿಮೆಂಟಿನ ಪಕ್ಕದ ಹಳೆಯ ಇಟ್ಟಿಗೆಯೋ ಕಲ್ಲೋ ಪುಡಿಯಾಗತೊಡಗುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ ಜೀರ್ಣೋದ್ಧಾರವೇ ಕಟ್ಟಡವನ್ನು ಜೀರ್ಣಗೊಳಿಸುವುದು ಹೀಗೆ.

ಊರಿನ ಜನಕ್ಕೆ ಹೆಚ್ಚು ತಾಗುವುದು ಗೋಡೆಯ ಹೊರಗಿನ ನಿಯಮ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗರ್ಭಗುಡಿಯಿಂದಲ್ಲ, ಸಂರಕ್ಷಿತ ಎಲ್ಲೆಯಿಂದ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ, ಹೊಸ ಮಹಡಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಅಲ್ಲಿದ್ದ ಮನೆಯ ಒಡೆಯರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿದ್ದರೆ ಹೊಸದಾಗಿಯೂ ಕಟ್ಟಬಹುದು. ಅರ್ಜಿಗಳನ್ನು ಪರಿಶೀಲಿಸಿ ಶಿಫಾರಸು ಮಾಡುವುದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ. ಕೋಟೆ ಭಾಗದಂಥ ಒತ್ತೊತ್ತಾದ ಬಡಾವಣೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ, ಮಾಳಿಗೆ ಸೋರಿದಾಗ, ಅಂಗಡಿ ಮುಂಗಟ್ಟು ಬದಲಿಸಬೇಕಾದಾಗ ಈ ಅರ್ಜಿಯ ಪ್ರಶ್ನೆ ಏಳುತ್ತದೆ. ಬೇಲೂರಿನ ಗುಡಿಗೂ ಬಯಲಲ್ಲಿ ಒಂಟಿಯಾಗಿ ನಿಂತ ವೀರಗಲ್ಲಿಗೂ ಅಳತೆ ಒಂದೇ ಆಗಿರುವುದು ಈ ಕಾನೂನಿನ ಬಗ್ಗೆ ಕೇಳಿಬರುವ ಮುಖ್ಯ ಟೀಕೆ.

ಇಂಗ್ಲೆಂಡಿನ ಪಟ್ಟಿ

ಇದೇ ಸಮಸ್ಯೆಗೆ ಇಂಗ್ಲೆಂಡ್ ಬೇರೆ ದಾರಿ ಹಿಡಿದಿದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಳೆಯ ಊರುಗಳು ನೆಲಸಮವಾದಾಗ, ಯಾವುದನ್ನು ಉಳಿಸಬೇಕೆಂದು ತಿಳಿಯಲು ಪಟ್ಟಿ ಮಾಡಬೇಕಾಯಿತು. ಅದು 1944 ಮತ್ತು 1947ರ ಯೋಜನಾ ಕಾಯ್ದೆಗಳಲ್ಲಿ ಶಾಶ್ವತ ರೂಪ ಪಡೆಯಿತು. ಈಗ ಆ ಪಟ್ಟಿಯಲ್ಲಿ ಸುಮಾರು ನಾಲ್ಕು ಲಕ್ಷ ನಮೂದುಗಳಿವೆ. ಕಟ್ಟಡಗಳಿಗೆ ಮೂರು ದರ್ಜೆ. ಶೇ 90ಕ್ಕಿಂತ ಹೆಚ್ಚಿನವು ಕೊನೆಯ ದರ್ಜೆಯವು. ಸಂತೆಯೂರಿನ ಇಗರ್ಜಿ, ಮಾರುಕಟ್ಟೆ ಕಟ್ಟಡ, ಪ್ರಯಾಣಿಕರ ತಂಗುಮನೆಗಳ ಜೊತೆಗೆ ಸಾಮಾನ್ಯ ಮನೆ, ಅಂಗಡಿ, ಸೇತುವೆ, ಗಿರಣಿ, ಕೆಂಪು ಟೆಲಿಫೋನ್ ಗೂಡುಗಳೂ ಅದರಲ್ಲಿವೆ. ಮಾಲೀಕರು ಅಲ್ಲೇ ವಾಸಿಸುತ್ತಾರೆ, ಮಾರುತ್ತಾರೆ, ಬಾಡಿಗೆಗೆ ಕೊಡುತ್ತಾರೆ. ಕಟ್ಟಡದ ಲಕ್ಷಣ ಬದಲಿಸುವಾಗ ಮಾತ್ರ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಪೂಜೆ ನಡೆಯುವ ಇಗರ್ಜಿಗಳ ವಿಷಯದಲ್ಲಿ ಚರ್ಚ್ ಆಫ್ ಇಂಗ್ಲೆಂಡಿಗೆ ವಿನಾಯಿತಿಯಿದೆ: ಬದಲಾವಣೆಯನ್ನು ಪರಿಶೀಲಿಸಲು ಅದು ತನ್ನದೇ ನ್ಯಾಯವ್ಯವಸ್ಥೆಯನ್ನು ನಡೆಸಬೇಕು.

ಎರಡು ಪದ್ಧತಿಗಳ ಬಲ ಬೇರೆ ಬೇರೆ. ಭಾರತದ ಕಾನೂನು ಕೆಲವೇ ಸಾವಿರ ಸ್ಮಾರಕಗಳನ್ನು ಆಯ್ದುಕೊಂಡು ಅವುಗಳ ಸುತ್ತ ಗಟ್ಟಿ ಬೇಲಿ ಹಾಕುತ್ತದೆ. ಇಂಗ್ಲೆಂಡಿನದು ಲಕ್ಷಾಂತರ ಕಟ್ಟಡಗಳ ಮೇಲೆ ಹಗುರವಾದ ಹತೋಟಿ ಇಡುತ್ತದೆ. ಹರಿಹರೇಶ್ವರನಂಥ ಕಟ್ಟಡಕ್ಕೆ ಗಟ್ಟಿ ಬೇಲಿಯೇ ಬೇಕು. ಆದರೆ ದಾವಣಗೆರೆಯ ಹಳೆಯ ಪೇಟೆಯ ಮಳಿಗೆ, ಗಿರಣಿಯ ಹೊಗೆಗೂಡು, ಮರದ ಕಂಬದ ಜಗಲಿ ಮನೆಗಳಿಗೆ ಆ ಬೇಲಿ ಒಗ್ಗುವುದಿಲ್ಲ. ಅವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸುವುದೂ ಆಗದು, ಘೋಷಿಸಿದರೆ ಸುತ್ತಲ ವ್ಯಾಪಾರ ನಡೆಯುವುದೂ ಆಗದು.

ಅಂಥ ಕಟ್ಟಡಗಳಿಗೆ ಒದಗುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಪರಿಭಾಷೆಗಳು ಅದರಲ್ಲಿ ಈಗಾಗಲೇ ಇವೆ. ಊರಿನ ಮಹಾಯೋಜನೆ ತಯಾರಿಸುವಾಗ ಇಂಥ ಕಟ್ಟಡಗಳ ಪಟ್ಟಿ ಮಾಡಿ, ದರ್ಜೆ ಹಾಕಿ, ಮುಂಭಾಗವನ್ನು ಉಳಿಸಿಕೊಂಡು ಒಳಗೆ ಬದಲಾವಣೆಗೆ ಅವಕಾಶ ಕೊಡಲು ಕಾನೂನಿನ ನೆಲೆಯಿದೆ. ಪಟ್ಟಿಯಲ್ಲಿ ವಿಳಾಸ, ಕಟ್ಟಿದ ಕಾಲ, ಕಟ್ಟಲು ಬಳಸಿದ ವಸ್ತು, ಉಳಿಸಬೇಕಾದ ಭಾಗ, ಬದಲಿಸಬಹುದಾದ ಭಾಗ ಇಷ್ಟು ನಮೂದಾದರೆ ಮಾಲೀಕನಿಗೂ ಪರವಾನಗಿ ಕೊಡುವ ಅಧಿಕಾರಿಗೂ ಏನು ಮಾಡಬಹುದೆಂಬುದು ಮೊದಲೇ ತಿಳಿದಿರುತ್ತದೆ. ಗುಡಿಗೆ ಕೇಂದ್ರದ ಕಾಯ್ದೆ, ಪೇಟೆಗೆ ಯೋಜನಾ ಕಾಯ್ದೆ: ಹರಿಹರ ದಾವಣಗೆರೆಯಂಥ ಜೋಡಿ ಊರುಗಳ ಹಳೆಯ ಕಟ್ಟಡಗಳು ಉಳಿಯಲು ಈ ಎರಡೂ ಬೇಕು. ಮೊದಲನೆಯದು ಇಂದು ಕೆಲಸ ಮಾಡುತ್ತಿದೆ. ಎರಡನೆಯದು ಕೆಲಸ ಶುರುಮಾಡಬೇಕಾದರೆ ಪಟ್ಟಿ ಮೊದಲು ತಯಾರಾಗಬೇಕು.